ಚಾಚಾರ ಎಡಗಣ್ಣು

ಅವರ ಮುಖದಲ್ಲಿ ಎಡಗಣ್ಣಿನ ಸುತ್ತ ಮಾತ್ರ ಸುಕ್ಕುಗಳಿದ್ದವು. ಬಲಗಡೆಯ ಚರ್ಮ ನುಣ್ಣಗೆ, ಇನ್ನೂ ನಲವತ್ತು ದಾಟದವನ ಹಾಗೆ. ಎಡಗಡೆ ಮಾತ್ರ ಎಪ್ಪತ್ತರ ಮುದುಕ. ಬೆಳಗಿನಿಂದ ಸಂಜೆಯವರೆಗೆ ಎಡಗಣ್ಣು ಬಿಗಿದು ಮುಚ್ಚಿ, ಬಲಗಣ್ಣಿನ ಮುಂದೆ ಹಿತ್ತಾಳೆಯ ಒಂದು ಚೂರನ್ನು ಬೆಳಕಿಗೆ ಹಿಡಿದು, ಅದರ ತೂತನ್ನು ನಲವತ್ತು ವರ್ಷ ನೋಡಿದ್ದರ ಗುರುತು ಅದು.

ಆ ಹಿತ್ತಾಳೆ ಚೂರಿಗೆ ಜೆಟ್ ಅನ್ನುತ್ತೇವೆ. ಕಾರ್ಬುರೇಟರಿನ ಒಳಗೆ ಕೂರುವ ಸಣ್ಣ ಸ್ಕ್ರೂ ಅದು, ಜೋಳದ ಕಾಳಿಗಿಂತ ಒಂದಿಷ್ಟು ದೊಡ್ಡದು. ನಡುವೆ ಕೂದಲು ತೂರುವಂಥ ತೂತು. ಎಂಜಿನ್ನು ಕುಡಿಯುವ ಪೆಟ್ರೋಲೆಲ್ಲ ಆ ತೂತಿನಿಂದಲೇ ಬಂದು ಗಾಳಿಗೆ ಸೇರಬೇಕು. ತೂತು ಒಂದು ಎಳೆ ದೊಡ್ಡದಾದರೆ ಗಾಡಿ ಕಪ್ಪು ಹೊಗೆ ಕಾರುತ್ತದೆ, ಒಂದು ಎಳೆ ಸಣ್ಣದಾದರೆ ಏದುಸಿರು ಬಿಡುತ್ತದೆ. ಈಗಿನ ಗಾಡಿಗಳಲ್ಲಿ ಈ ಕೆಲಸ ಕಂಪ್ಯೂಟರು ಮಾಡುತ್ತದೆ. ನನ್ನಂಥವರ ಹಳೆಯ ಗಾಡಿಗಳಿಗೆ ಚಾಚಾ ಇದ್ದರು.

ಬಳ್ಳಾರಿಯ ಬಿಡಿಭಾಗದ ಅಂಗಡಿಗಳ ಸಾಲಿನ ಕೊನೆಗೆ ಒಂದು ಮಂಚ ಹಾಕುವಷ್ಟು ಜಾಗ ಅವರದು. ಹಿಂದಿನ ಗೋಡೆಯ ತುಂಬ ತಂಬಾಕಿನವರ ಸುಣ್ಣದ ಡಬ್ಬಿಗಳು. ಒಂದೊಂದು ಡಬ್ಬಿಯಲ್ಲಿ ಒಂದೊಂದು ನಂಬರಿನ ಜೆಟ್ಟು. ಗಡಿಯಾಚೆಯ ತೆಲುಗಿನವರು, ಕುರುಗೋಡಿನವರು, ಹಲಕುಂದಿಯವರು, ಎಲ್ಲರಿಗೂ ಅವರು ಚಾಚಾನೇ. ಅವರಲ್ಲಿ ಒಂದು ಕಟ್ಟಳೆ ಇತ್ತು: ಗಾಡಿಯಿಂದ ಬಿಚ್ಚಿದ ಸ್ಪಾರ್ಕ್ ಪ್ಲಗ್ ತಂದು ತೋರಿಸದ ಹೊರತು ಜೆಟ್ಟು ಕೊಡುತ್ತಿರಲಿಲ್ಲ. ಬರೀ ನಂಬರು ಹೇಳಿ ಕೇಳಿದವರನ್ನು, "ಡಾಕ್ಟರಿಗೆ ನಾಲಿಗಿ ತೋರಿಸದ ಗುಳಿಗಿ ಕೇಳ್ತಿಯೇನಲೇ" ಎಂದು ವಾಪಸ್ಸು ಅಟ್ಟುತ್ತಿದ್ದರು. ಪ್ಲಗ್ಗಿನ ತುದಿ ಕಪ್ಪಗಿದ್ದರೆ ಗಾಡಿ ಹೊಟ್ಟೆ ಬಿರಿಯುವಂತೆ ತಿಂದಿದೆ, ಬೆಳ್ಳಗಿದ್ದರೆ ಉಪವಾಸ ಇದೆ. ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಬಣ್ಣ ಇದ್ದರೆ, "ಮನಿ ಮುಟ್ಟತೈತಿ ಹೋಗು" ಅನ್ನುವರು.

ಜೆಟ್ಟಿನ ಮೇಲೆ ಕೊರೆದ ನಂಬರನ್ನೂ ಅವರು ನಂಬುತ್ತಿರಲಿಲ್ಲ. ಮಾಡಿನ ಕೊಕ್ಕೆಗೆ ಒಂದು ಖಾಲಿ ಸಲೈನ್ ಬಾಟಲಿ ನೇತು ಹಾಕಿದ್ದರು. ಅದಕ್ಕೆ ಪೆಟ್ರೋಲು ತುಂಬಿ, ಕೊಳವೆಯ ತುದಿಗೆ ಜೆಟ್ಟು ಸಿಕ್ಕಿಸಿ, ಕೆಳಗೆ ಔಷಧಿ ಕುಡಿಯುವ ಪ್ಲಾಸ್ಟಿಕ್ ಮುಚ್ಚಳ ಇಟ್ಟು, ಅದು ತುಂಬುವವರೆಗೆ ಎಣಿಸುವರು. ಏಕ್, ದೋ, ತೀನ್. ಆ ಹೊತ್ತಿನಲ್ಲಿ ಎಂಥ ಗಿರಾಕಿ ಬಂದರೂ ಮಾತಿಲ್ಲ. ಎಣಿಕೆ ತಪ್ಪಿದರೆ ಜೆಟ್ಟು ಡಬ್ಬಿಗೆ ಹೋಗುತ್ತಿತ್ತು, ಗಿರಾಕಿ ಮನೆಗೆ.

ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟವನು. ಸಿರುಗುಪ್ಪದಲ್ಲಿ ಹಚ್ಚೊಳ್ಳಿ ರಸ್ತೆಗೆ ತಗಡಿನ ಶೆಡ್ಡು ಹಾಕಿ ಗ್ಯಾರೇಜು ನಡೆಸುತ್ತೇನೆ. ಓದಿಲ್ಲ ಅನ್ನುವುದು ಬಿಟ್ಟರೆ ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಕಾರ್ಬುರೇಟರು ಅಂದರೆ ಊರಲ್ಲಿ ನಾನೊಬ್ಬನೇ ಎಂದು ನಾನೇ ಹೇಳಿಕೊಂಡು ತಿರುಗಿದ್ದೆ. ಈ ವಿದ್ಯೆಯಲ್ಲಿ ಮುಕ್ಕಾಲು ಪಾಲು ಚಾಚಾರ ಅಂಗಡಿಯ ಮುಂದೆ ನಿಂತು ಕಲಿತದ್ದು. ಅವರು ಹೇಳಿಕೊಟ್ಟ ಮೊದಲ ಪಾಠ ಇಷ್ಟೇ: ಜೆಟ್ಟು ಕಟ್ಟಿದರೆ ಪೆಟ್ರೋಲಲ್ಲಿ ನೆನೆಸಿ ಊದಬೇಕು, ತಂತಿ ಹಾಕಿ ಚುಚ್ಚಬಾರದು. ತಂತಿ ಉಕ್ಕಿನದು, ಜೆಟ್ಟು ಹಿತ್ತಾಳೆಯದು. ಒಮ್ಮೆ ಚುಚ್ಚಿದರೆ ತೂತು ಅಗಲವಾಯಿತು, ಮುಗಿಯಿತು.

ಮೂರು ವರ್ಷದ ಹಿಂದೆ ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಬಿಟ್ಟವು. ಸಿರುಗುಪ್ಪದಲ್ಲಿ ಸರದಿ ಸಿಗಲಿಲ್ಲ. ಮಂಗಳವಾರ, ಶುಕ್ರವಾರ ಬಳ್ಳಾರಿಗೆ ಹೋಗಿ ನಾಲ್ಕು ತಾಸು ಮಷೀನಿಗೆ ಮಲಗಬೇಕು. ಮುಗಿದ ಮೇಲೆ ಅವಳಿಗೆ ನಿಲ್ಲಲು ಆಗುವುದಿಲ್ಲ, ವಾಂತಿ ಬೇರೆ, ಬಸ್ಸಿನ ಮಾತೇ ಇಲ್ಲ. ಗುಜರಿಗೆ ಹೊರಟಿದ್ದ ಒಂದು ಹಳೆಯ ಕಾರನ್ನು ತಂದು, ನಟ್ಟು ನಟ್ಟು ಬಿಚ್ಚಿ, ನನ್ನ ಕೈಯಾರೆ ಕಟ್ಟಿದೆ. ಅದು ನಡೆದರೆ ಅವಳು ಇದ್ದಾಳೆ. ಅಷ್ಟು ಸರಳ.

ಒಂದು ಶುಕ್ರವಾರ ಬೆಳಿಗ್ಗೆ ಗಾಡಿ ಏಳಲಿಲ್ಲ. ಬಿಚ್ಚಿ ನೋಡಿದರೆ ಎರಡೂ ಜೆಟ್ಟಿಗೆ ಕಸ ಕಟ್ಟಿತ್ತು. ಒಂದು ಮೇನ್ ಜೆಟ್ಟು, ಗಾಡಿ ಓಡುವಾಗಿನದು. ಇನ್ನೊಂದು ಸ್ಲೋ ಜೆಟ್ಟು, ಗಾಡಿ ನಿಂತಾಗ ಎಂಜಿನ್ನು ಆರದಂತೆ ಕಾಯುವುದು. ಊದಿದೆ, ಹೋಗಲಿಲ್ಲ. ನೆನೆಸಿಡಲು ಹೊತ್ತಿಲ್ಲ. ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬ್ರೇಕ್ ಕೇಬಲಿನ ಒಂದು ಎಳೆ ಕಿತ್ತು ಎರಡಕ್ಕೂ ಚುಚ್ಚಿದೆ. ಗಾಡಿ ಎದ್ದಿತು. ಬಳ್ಳಾರಿ ಮುಟ್ಟುವವರೆಗೂ ಹಿಂದೆ ಕಪ್ಪು ಹೊಗೆ.

ಅವಳನ್ನು ಮಷೀನಿಗೆ ಹಾಕಿಸಿ, ಪ್ಲಗ್ ಮತ್ತು ಮೇನ್ ಜೆಟ್ಟು ಬಿಚ್ಚಿಕೊಂಡು ಚಾಚಾರ ಅಂಗಡಿಗೆ ಹೋದೆ. ಸ್ಲೋ ಜೆಟ್ಟನ್ನು ಬಿಚ್ಚಲೇ ಇಲ್ಲ. ಎರಡೂ ತೋರಿಸಿದರೆ ಏನೆಂದುಕೊಂಡಾರು ಎಂಬ ಯೋಚನೆ. ಚಾಚಾ ಎಡಗಣ್ಣು ಮುಚ್ಚಿ, ಜೆಟ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಯಾರ ಚುಚ್ಯಾರ ಇದನ್ನ?"

ಸಿರಿಗೇರಿ ಕಡೆಯ ಯಾವನೋ ಮೆಕ್ಯಾನಿಕ್ಕು ಎಂದೆ. ನಾನಿಲ್ಲದಾಗ ಗಾಡಿ ಕೈಕೊಟ್ಟಿತ್ತು, ಅವನು ಚುಚ್ಚಿದ. ಹೇಳುವಾಗ ನಾಲಿಗೆ ತೊದಲಲಿಲ್ಲ.

"ಇನ್ನೊಂದು?"

"ಅದು ಚಲೋ ಐತ್ರಿ ಚಾಚಾ. ಯಾರೂ ಮುಟ್ಟಿಲ್ಲ."

ಅವರು ನನ್ನ ಪ್ಲಗ್ಗನ್ನು ಮತ್ತೊಮ್ಮೆ ನೋಡಿದರು, ಆಮೇಲೆ ನನ್ನನ್ನು. ಮೇನ್ ಜೆಟ್ಟು ಹುಡುಕಿ, ಬಾಟಲಿಗೆ ಹಚ್ಚಿ ಎಣಿಸಿ ಕೊಟ್ಟರು. ಬಲಗಣ್ಣಿಗೆ ಮಂಜು ಕವಿಯುತ್ತಿದೆ, ಬರುವ ತಿಂಗಳು ಅಂಗಡಿ ಮುಚ್ಚಿ ಕುರುಗೋಡಿಗೆ ಮಗಳ ಮನೆಗೆ ಹೋಗುತ್ತೇನೆ, ಬೇಕಾದ್ದನ್ನು ಈಗಲೇ ಒಯ್ಯಿ ಎಂದು ಎರಡು ಸಲ ಹೇಳಿದರು. ಎರಡನೇ ಸಲ ಯಾಕೆ ಹೇಳಿದರು ಎಂದು ನನಗೆ ಆಗ ಹೊಳೆಯಲಿಲ್ಲ.

ಗಾಡಿ ಓಡುವಾಗ ಚೆನ್ನಾಗಿತ್ತು. ನಿಂತರೆ ಮಾತ್ರ ಗುಡುಗುಟ್ಟಿ ಆರಲು ನೋಡುತ್ತಿತ್ತು. ನಿಂತಲ್ಲೆಲ್ಲ ಆಕ್ಸಿಲರೇಟರಿನ ಮೇಲೆ ಕಾಲಿಟ್ಟೇ ಇರುವುದನ್ನು ರೂಢಿ ಮಾಡಿಕೊಂಡೆ. ಏನ್ರಿ ಇದು, ಗಾಡಿಗೂ ನಿಮಗೂ ಒಂದ ಕಾಲಾಗ ನಿಂದ್ರೋ ಶಿಕ್ಷಾ ಎಂದು ಹೆಂಡತಿ ನಗುತ್ತಿದ್ದಳು. ಸುಳ್ಳು ಒಪ್ಪಿಕೊಳ್ಳಲು ನಾಚಿ ದಿನ ತಳ್ಳಿದೆ, ಅಷ್ಟರಲ್ಲಿ ಚಾಚಾರ ಅಂಗಡಿಯ ಬಾಗಿಲು ಮುಚ್ಚಿತು. ಬಳ್ಳಾರಿಯಲ್ಲಿ ಇನ್ನೆಲ್ಲೂ ಆ ಗಾಡಿಯ ಸ್ಲೋ ಜೆಟ್ಟು ಸಿಗಲಿಲ್ಲ.

ಬೇಸಿಗೆಯ ಒಂದು ಮಂಗಳವಾರ, ಸಿರಿಗೇರಿ ಕ್ರಾಸಿನ ಹತ್ತಿರ ಭತ್ತದ ಲಾರಿಯೊಂದು ರಸ್ತೆಗೆ ಅಡ್ಡ ಸಿಕ್ಕಿಕೊಂಡಿತ್ತು. ಹಿಂದೆ ಮುಂದೆ ಟ್ರ್ಯಾಕ್ಟರುಗಳು. ಅರ್ಧ ತಾಸು ಕಾಲಿಟ್ಟು ಹಿಡಿದೆ. ಬಿಸಿಲಿಗೆ ಎಂಜಿನ್ನು ಕಾದು ಪೆಟ್ರೋಲು ಉಕ್ಕಿ ಆರಿಹೋಯಿತು. ಮತ್ತೆ ಮತ್ತೆ ಕೀಲಿ ತಿರುವಿ ಬ್ಯಾಟರಿಯೂ ಸತ್ತಿತು. ಹಿಂದಿನ ಸೀಟಿನಲ್ಲಿ ಹೆಂಡತಿ. ನಾಲ್ಕು ದಿನದ ನೀರು ಮೈಯಲ್ಲಿ ನಿಂತು ಕಾಲು ಬಾತಿದ್ದವು. ಜನ ಬಂದು ಕೇಳಿದರು, ಬೇರೆ ಗಾಡಿಗೆ ಹತ್ತಿಸೋಣವೇನು ಎಂದು. ಈಗ ಆಗುತ್ತದೆ ಎಂದು ಎಲ್ಲರನ್ನೂ ಕಳಿಸಿದೆ. ನನ್ನ ಗಾಡಿ ನಾನೇ ಎಬ್ಬಿಸುತ್ತೇನೆ ಎಂಬ ಹಟ. ಒಂದು ತಾಸು ಹೋಯಿತು, ಲಾರಿ ಸರಿದು ದಾರಿಯೂ ತೆರೆಯಿತು. ಅವಳು ಕಿಟಕಿಗೆ ತಲೆ ಆನಿಸಿ ಸಣ್ಣ ದನಿಯಲ್ಲಿ ಹೇಳಿದಳು:

"ಉಸಿರು ಸಾಲವಲ್ದುರಿ."

ಮೆಣಸಿನಕಾಯಿ ಚೀಲ ಹೇರಿದ್ದ ಒಂದು ಟಂಟಂ ಆಟೋ ನಿಲ್ಲಿಸಿ, ಚೀಲಗಳ ನಡುವೆ ಅವಳನ್ನು ಮಲಗಿಸಿಕೊಂಡು ಹೋದೆ. ಘಾಟಿಗೆ ಕೆಮ್ಮಿದರೂ ಅವಳಿಗೆ ಏದುಸಿರು, ಕೆಮ್ಮದಿದ್ದರೂ ಏದುಸಿರು. ಆಸ್ಪತ್ರೆಯಲ್ಲಿ ಸರದಿ ತಪ್ಪಿತ್ತು. ಆಕ್ಸಿಜನ್ ಹಚ್ಚಿ ಕೂರಿಸಿದರು. ಎಷ್ಟು ತಾಸಿನ ಹಿಂದೆ ಹೊರಟಿರಿ ಎಂದು ಸಿಸ್ಟರು ಕೇಳಿದಾಗ ನಾನು ಸುಳ್ಳು ಹೇಳಿದೆ. ಹೆಂಡತಿ ಮಾಸ್ಕಿನ ಒಳಗಿಂದ ನನ್ನನ್ನು ನೋಡಿದಳು. ಸಂಜೆಗೆ ಯಾವುದೋ ಮಷೀನು ಖಾಲಿಯಾಗಿ ಅವಳು ಉಳಿದಳು.

ರಾತ್ರಿಯೇ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆಸಿದೆ. ಮರುದಿನ ಬುಧವಾರ. ನಡುವೆ ಗುರುವಾರ ಒಂದೇ, ಆಮೇಲೆ ಮತ್ತೆ ಶುಕ್ರವಾರ. ಪ್ಲಗ್ಗನ್ನೂ ಸ್ಲೋ ಜೆಟ್ಟನ್ನೂ ಕರ್ಚೀಪಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಗುಡ್ಡದ ಬಂಡೆಗಳ ಕೆಳಗೆ ಮಗಳ ಮನೆ, ಮುಂದೆ ಬೇವಿನ ಮರ, ಮಂಚದ ಮೇಲೆ ಚಾಚಾ. ಬಲಗಣ್ಣು ಹಾಲಿನ ಹನಿಯಂತೆ ಬೆಳ್ಳಗಾಗಿತ್ತು. ಆಪರೇಷನ್ನೂ ಹಿಡಿಯಲಿಲ್ಲವಂತೆ. ಮುಖ ಎತ್ತಿ ನೋಡುವ ಮೊದಲೇ ನನ್ನ ದನಿಯಿಂದ ಗುರುತು ಹಿಡಿದು, "ಪ್ಲಗ್ ತಂದಿಯೇನು?" ಎಂದರು.

ನಾನು ಮಂಚದ ಹತ್ತಿರ ನೆಲಕ್ಕೆ ಕುಳಿತು ಎಲ್ಲ ಹೇಳಿದೆ. ಸಿರಿಗೇರಿ ಮೆಕ್ಯಾನಿಕ್ಕು ಇರಲಿಲ್ಲ, ಎರಡನ್ನೂ ಚುಚ್ಚಿದವನು ನಾನೇ ಎಂದೆ. ಕ್ರಾಸಿನಲ್ಲಿ ಆದದ್ದನ್ನೂ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ಕಾದೆ.

"ಗೊತ್ತಿತ್ತಲೇ. ಆವತ್ತ ಗೊತ್ತಿತ್ತು. ಪ್ಲಗ್ ಸುಳ್ಳು ಹೇಳ್ತೈತೇನು?" ಎಂದರು. ಕೈ ಚಾಚಿ ಪ್ಲಗ್ಗು ಇಸಿದುಕೊಂಡರು. "ತಾನ ಬಾಯಿ ಬಿಡಲಿ ಅಂತ ನಾ ಕಾದೆ. ನನ್ನ ಮುಂದ ಕಲ್ತಾವ ನನ್ನ ಮುಂದ ಸುಳ್ಳು ಹೇಳ್ತಾನಲ್ಲ ಅಂತ ಸಿಟ್ಟು ನನಗ. ಇನ್ನೊಂದು ಬಿಚ್ಚಿ ತೊಗೊಂಬಾ ಅಂತ ಒಂದ ಮಾತು ಅಂದಿದ್ದರ ಆ ತಾಯಿ ಬಿಸಿಲಾಗ ಕುಂದರತಿದ್ದಿಲ್ಲ. ನಿಂದೊಂದು ತಪ್ಪು, ನಂದೊಂದು. ಏಳು, ಟ್ರಂಕ್ ತೊಗೊಂಬಾ."

ಟ್ರಂಕಿನಲ್ಲಿದ್ದ ಸುಣ್ಣದ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಸುರುವಿದೆವು. ನನ್ನ ಗಾಡಿಯ ಸ್ಲೋ ಜೆಟ್ಟು ಒಂದೂ ಇರಲಿಲ್ಲ. ಅಂಗಡಿ ಮುಚ್ಚುವಾಗ ಒಂದು ಉಳಿದಿತ್ತು, ನೀನು ಬರಲಿಲ್ಲ, ಆದವಾನಿಯ ಒಬ್ಬ ಒಯ್ದ ಎಂದರು. ನಾಡಿದ್ದು ಶುಕ್ರವಾರ ಎಂದಷ್ಟೇ ನನ್ನ ಬಾಯಿಂದ ಬಂತು.

"ಚುಚ್ಚಿದ್ದ ಕೊಡಿಲ್ಲಿ."

ನಾನು ಹಾಳು ಮಾಡಿದ್ದ ಆ ಜೆಟ್ಟಿನ ತೂತಿಗೆ ಬೆಸುಗೆ ತುಂಬಿ ಮುಚ್ಚಿಸಿದರು. ಕಾಸಿದ್ದು ನಾನು, ಹೇಳಿದ್ದು ಅವರು. ಆಮೇಲೆ ಟ್ರಂಕಿನ ತಳದಿಂದ ಕೂದಲಿನಂಥ ಒಂದು ಡ್ರಿಲ್ಲು ತೆಗೆದು, ಬೆರಳುಗಳ ನಡುವೆ ಹೊಸೆಯುತ್ತ ಹೊಸ ತೂತು ಕೊರೆಯಲು ಕುಳಿತರು. ಡ್ರಿಲ್ಲು ಎರಡು ಸಲ ಜಾರಿತು. ನಾನು ಮಾಡಲೇ ಎಂದರೆ, ನಿನ್ನ ಕೈಗೆ ಚುಚ್ಚುವ ಚಟ ಇದೆ, ಬೇಡ ಎಂದರು. ಕೊರೆದದ್ದನ್ನು ಬೆಳಕಿಗೆ ಎತ್ತಿದರು. ರೂಢಿಯಂತೆ ಎಡಗಣ್ಣು ಬಿಗಿದು ಮುಚ್ಚಿಕೊಂಡಿತು. ಕಾಣಲಿಲ್ಲ. ಆಗ ಬೆರಳಿನಿಂದ ಆ ಕಣ್ಣಿನ ರೆಪ್ಪೆ ಎತ್ತಿ, ಸುಕ್ಕುಗಳನ್ನೆಲ್ಲ ಬಿಡಿಸಿ ಹಿಡಿದು, ಅದರಿಂದಲೇ ನೋಡತೊಡಗಿದರು.

"ನಲವತ್ತು ವರ್ಷ ಮುಚ್ಚಿಟ್ಟಿದ್ದು ನೋಡು. ಹೊಸಾದ ಐತಿ ಇನ್ನಾ" ಎಂದು ನಕ್ಕರು.

ಬೇವಿನ ಟೊಂಗೆಗೆ ಸಲೈನ್ ಬಾಟಲಿ ಕಟ್ಟಿದೆವು. ಆ ಸ್ಲೋ ಜೆಟ್ಟಿಗೆ ನಲವತ್ತೆರಡು ಎಣಿಸುವಷ್ಟರಲ್ಲಿ ಮುಚ್ಚಳ ತುಂಬಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮೊದಲ ಸಲ ಮೂವತ್ತಕ್ಕೇ ತುಂಬಿತು. ಮತ್ತೆ ಬೆಸುಗೆ, ಮತ್ತೆ ಕೊರೆತ. ಎರಡನೇ ಸಲ ಮೂವತ್ತಾರಕ್ಕೆ ತುಂಬಿ ಚೆಲ್ಲಿತು. ಮಗಳು ಬಂದು ಊಟಕ್ಕೆ ಕರೆದಳು, ಚಾಚಾ ಕೈ ಆಡಿಸಿ ಕಳಿಸಿದರು. ಮೂರನೇ ಸಲ ಎಣಿಸುತ್ತ ಇಪ್ಪತ್ತಕ್ಕೆ ಅವರಿಗೆ ಕೆಮ್ಮು ಹತ್ತಿ ದನಿ ನಿಂತಿತು. ಕಣ್ಣಲ್ಲೇ ನನಗೆ ಸನ್ನೆ ಮಾಡಿದರು. ನಾನು ಇಪ್ಪತ್ತೊಂದರಿಂದ ಹಿಡಿದೆ. ಅವರ ಉರ್ದು, ನನ್ನ ಕನ್ನಡ. ನಲವತ್ತೆರಡು ಅನ್ನುವಾಗ ಮುಚ್ಚಳದ ಅಂಚಿನಲ್ಲಿ ಪೆಟ್ರೋಲು ಉಬ್ಬಿ ನಿಂತಿತ್ತು. ಚೆಲ್ಲಲಿಲ್ಲ.

ಜೆಟ್ಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದರು.

"ಇನ್ನೊಮ್ಮಿ ಚುಚ್ಚಿದರ ನಾ ಇರಂಗಿಲ್ಲ ಬೇಟಾ, ನೆನಪಿಡು."

ಶುಕ್ರವಾರ ಗಾಡಿ ಎಲ್ಲಿ ನಿಲ್ಲಿಸಿದರೂ ಆರಲಿಲ್ಲ. ಪ್ಲಗ್ಗು ಬಿಸ್ಕೀಟಿನ ಬಣ್ಣಕ್ಕೆ ತಿರುಗಿತು. ಅದನ್ನು ಬಿಚ್ಚಿಟ್ಟು ಗಾಡಿಗೆ ಬೇರೆ ಪ್ಲಗ್ ಹಾಕಿದೆ. ಅವರಿಗೆ ತೋರಿಸಿ ಬರಬೇಕು ಎಂದುಕೊಳ್ಳುತ್ತಲೇ ಐದು ತಿಂಗಳಾಯಿತು. ವಾರಕ್ಕೆ ಎರಡು ದಿನ ಬಳ್ಳಾರಿಗೆ ಹೋದರೆ, ಉಳಿದ ದಿನ ಗ್ಯಾರೇಜು. ಹೋಗಲಾಗಲಿಲ್ಲ ಎನ್ನುವುದಕ್ಕಿಂತ ಹೋಗಲಿಲ್ಲ ಎಂದೇ ಬರೆಯಬೇಕು.

ಮತ್ತೊಂದು ಶುಕ್ರವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಅವರ ಮಗಳ ಫೋನು ಬಂತು. ಅಬ್ಬಾ ರಾತ್ರಿಯೇ ಹೋದರು, ಮಧ್ಯಾಹ್ನ ಜುಮ್ಮಾ ನಮಾಜಾದ ಮೇಲೆ ಮಣ್ಣು ಎಂದಳು. ಹೆಂಡತಿಯ ಸರದಿ ಹನ್ನೊಂದಕ್ಕೆ. ಕುರುಗೋಡಿನ ದಾರಿ ಒಡೆಯುವಲ್ಲಿ ಗಾಡಿ ಬದಿಗೆ ನಿಲ್ಲಿಸಿದೆ. ಹಿಂದಿನಿಂದ ಹೆಂಡತಿ ಹೇಳಿದಳು:

"ಹೋಗಿ ಮುಖ ನೋಡಿ ಬರೋಣ ನಡೀರಿ. ನಾ ತಡಕೋತೀನಿ."

ತಿರುಗಿ ಅವಳ ಕಾಲು ನೋಡಿದೆ. ಬೆರಳಿನಿಂದ ಒತ್ತಿದರೆ ಗುಂಡಿ ಬೀಳುವಂತೆ ಬಾತಿದ್ದವು. ಸಿರಿಗೇರಿ ಕ್ರಾಸಿನಲ್ಲೂ ಅವಳು ತಡೆದುಕೊಂಡೇ ಕುಳಿತಿದ್ದಳು.

ಎಂಜಿನ್ನು ಬಂದ್ ಮಾಡದೆ ಕೆಳಗಿಳಿದೆ. ಜೇಬಿನಲ್ಲಿ ಕರ್ಚೀಪಿನೊಳಗೆ ಪ್ಲಗ್ಗಿತ್ತು, ತೋರಿಸಬೇಕೆಂದು ತಿಂಗಳುಗಟ್ಟಲೆ ಇಟ್ಟುಕೊಂಡು ತಿರುಗಿದ್ದು. ಅದನ್ನು ಕೈಯಲ್ಲಿ ಹಿಡಿದು ದೂರದ ಗುಡ್ಡದ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಗಾಡಿ ನಿಂತಲ್ಲೇ ಮೆತ್ತಗೆ ಓಡುತ್ತಿತ್ತು. ಏಕ್ ಎಂದು ಶುರು ಮಾಡಿದೆ. ಇಪ್ಪತ್ತರವರೆಗೆ ಅವರ ಭಾಷೆಯಲ್ಲಿ, ಆಮೇಲೆ ನನ್ನದರಲ್ಲಿ. ನಲವತ್ತೆರಡು ಆಗುವವರೆಗೆ ಎಂಜಿನ್ನು ಒಂದು ಸಲವೂ ತಡವರಿಸಲಿಲ್ಲ.

ಗಾಡಿ ಹತ್ತಿ ಬಳ್ಳಾರಿಯ ಕಡೆ ತಿರುಗಿಸಿದೆ.