ಡಬ್ಬಿ ತೊಳೆದವರು ಯಾರು

ಬೆಟ್ಟ ಹತ್ತಲು ಬರುವವರಿಗೆ ತಿಂಡಿ ಕಟ್ಟಿಕೊಡುವ ಆಕೆಯನ್ನು ಓಣಿಯವರೆಲ್ಲ ಡಬ್ಬಿ ಅಕ್ಕ ಎಂದೇ ಕರೆಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೀದಿಗೆ ಕಿಟಕಿ ಇದ್ದ ಅಡುಗೆಮನೆ. ಅದೇ ಅವಳ ಅಂಗಡಿ. ಬೆಳಕು ಹರಿಯುವ ಹೊತ್ತಿಗೆ ಆ ಕಿಟಕಿಯ ಮುಂದೆ ಬೆನ್ನಿಗೆ ಬ್ಯಾಗು ಏರಿಸಿಕೊಂಡವರು ಸಾಲುಗಟ್ಟುತ್ತಿದ್ದರು. ಸ್ಟೀಲಿನ ಡಬ್ಬಿಯೊಳಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹುರಿದ ಕಡಲೆಬೀಜ, ಸೌತೆಕಾಯಿ, ಸೀಬೆಹಣ್ಣು, ಬೆರಳುದ್ದದ ಸೀಸೆಯಲ್ಲಿ ಜೇನು. ಮೇಲೊಂದು ಬಟ್ಟೆ ಸುತ್ತಿ ಗಂಟು ಬಿಗಿದರೆ ಮುಗಿಯಿತು. ಬ್ರೆಡ್ಡು ಮೂಲೆಯ ಬೇಕರಿಯದು, ಮೊಟ್ಟೆ ಹಿಂದಿನ ಮನೆಯ ಕೋಳಿಗಳದು, ಜೇನು ಬೆಟ್ಟದ ಬುಡದಲ್ಲಿ ಪೆಟ್ಟಿಗೆ ಇಟ್ಟವನದು. ತಾನೇ ನಡೆದು ಹೋಗಿ, ಮೂಸಿ ನೋಡಿ, ಚೌಕಾಸಿ ಮಾಡಿ ತರಲಾಗದ ಯಾವುದೂ ಡಬ್ಬಿಗೆ ಬೀಳಕೂಡದು ಎಂಬುದು ಅವಳ ಹಠ.

ಈ ಕಡೆಯಿಂದ ಹತ್ತಿದವರು ಆ ಕಡೆ ಕೆರೆಯ ಬಳಿ ಇಳಿದು ಹಾಗೇ ತಮ್ಮೂರಿನ ಬಸ್ಸು ಹಿಡಿಯುತ್ತಿದ್ದರು. ಖಾಲಿ ಡಬ್ಬಿಗಳನ್ನು ಅಲ್ಲಿನ ಬಸ್ ಸ್ಟಾಪಿನ ಬೆಂಚಿಗೆ ನೇತುಹಾಕಿದ ಚೀಲಕ್ಕೆ ಹಾಕಿ ಹೋಗಬೇಕು. ಬೆಟ್ಟ ಬಳಸಿ ಬರುವ ಬಸ್ಸಿನ ಕಂಡಕ್ಟರ್ ಸಂಜೆ ಆ ಚೀಲ ತರುತ್ತಿದ್ದ. ಕಂಡಕ್ಟರ್ ಅವಳ ಗಂಡನೇ.

ಒಂದು ಸಂಜೆ ಚೀಲ ಸುರುವಿದಾಗ ಅವಳ ಮೂಗಿಗೆ ನಿಂಬೆಹಣ್ಣಿನ ಸಿಪ್ಪೆಯ ವಾಸನೆ ಬಡಿಯಿತು. ನಿಂಬೆಹಣ್ಣು ಅವಳು ಕಟ್ಟಿದ್ದೇ ಇಲ್ಲ. ಡಬ್ಬಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಬಟ್ಟೆಗಳು ಒಗೆದು ಮಡಿಸಿಟ್ಟಂತಿದ್ದವು. ಈಚೆಗೆ ದಿನವೂ ಹೀಗೇ ಬರುತ್ತಿವೆಯಲ್ಲ ಎಂಬುದು ಆಗ ಹೊಳೆಯಿತು.

"ರೀ, ಈ ಡಬ್ಬಿ ಯಾರು ತೊಳೀತಾರೆ?"

"ತಿಂದವರು ತೊಳೀತಾರೆ," ಎಂದ ಗಂಡ, ಊಟದ ತಟ್ಟೆಯಿಂದ ತಲೆ ಎತ್ತದೆ.

"ಮನೇಲಿ ತಮ್ಮ ತಟ್ಟೆ ಎತ್ತಿಡದ ಜನ, ಬೆಟ್ಟ ಇಳಿದು ಸುಸ್ತಾಗಿ ನನ್ನ ಡಬ್ಬಿ ತೊಳೀತಾರಾ?"

ಮಾತು ನಾಟಬೇಕಾದಲ್ಲಿ ನಾಟಿತು. ಗಂಡ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದ. "ಚೀಲ ಇರುತ್ತೆ, ಎತ್ಕೊಂಡು ಬರ್ತೀನಿ. ನಿನಗೆ ಕೆಲಸ ಕಮ್ಮಿ ಆಯ್ತಲ್ಲ, ಪುಕ್ಕಟೆ ಬಂದ ಎಮ್ಮೆ ಹಲ್ಲು ಯಾಕೆ ನೋಡ್ತೀಯ?" ಎಂದು ಅಲ್ಲಿಂದಲೇ ಕೂಗಿದ.

"ಬೆಟ್ಟದಲ್ಲಿ ದೆವ್ವ ಗಿವ್ವ ಇದ್ಯೇನೋ," ಎಂದಳು ಅವಳು.

ಮೂಲೆಯಲ್ಲಿ ಕಡಲೆಬೀಜದ ಸಿಪ್ಪೆ ಊದುತ್ತಿದ್ದ ಅತ್ತೆ ಕೂಡಲೇ, "ಪಾತ್ರೆ ತೊಳೆಯೋ ದೆವ್ವ ಇದ್ರೆ ಮನೆಗೇ ಕರ್ಕೊಂಡು ಬಾರೇ. ನನಗೂ ಮೊಣಕೈ ನೋವು," ಎಂದರು.

ಎಲ್ಲರೂ ನಕ್ಕರು. ಆದರೆ ಅವಳ ತಲೆಯೊಳಗೆ ಹೊಕ್ಕ ಹುಳ ಹೊರಗೆ ಬರಲಿಲ್ಲ. ಬ್ರೆಡ್ಡು ಕೊಯ್ಯುವಾಗ, ಮೊಟ್ಟೆ ಬೇಯಿಸುವಾಗ ಅದೇ ಯೋಚನೆ: ಯಾರು? ಯಾಕೆ? ಕೊನೆಗೆ ಜನ ಕಡಿಮೆ ಇರುವ ಒಂದು ದಿನ ಮುಂಚೆ ಬಂದವರಿಗಷ್ಟೇ ಕಟ್ಟಿಕೊಟ್ಟು, ತನಗೂ ಒಂದು ಡಬ್ಬಿ ಕಟ್ಟಿಕೊಂಡು ಕಿಟಕಿ ಮುಚ್ಚಿದಳು.

"ಬಸ್ಸಲ್ಲೇ ಬಾ, ಟಿಕೆಟ್ ನಾನು ಹರೀತೀನಿ," ಎಂದ ಗಂಡ.

"ಬೇಡ. ಡಬ್ಬಿ ಹೋಗೋ ದಾರೀಲೇ ಹೋಗ್ತೀನಿ."

ದಿನ ಬೆಳಗಾದರೆ ಕಾಣುವ ಬೆಟ್ಟವಾದರೂ ಅವಳು ಅದನ್ನು ಹತ್ತಿರಲಿಲ್ಲ. ಏದುಸಿರು ಬಿಡುತ್ತಾ, ಕೂತು ಎದ್ದು, ನೆತ್ತಿಯ ಬಂಡೆ ತಲುಪಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಗಂಟು ಬಿಚ್ಚಲು ಹೋದಳು; ಬರಲಿಲ್ಲ. ಹಲ್ಲು ಹಚ್ಚಿ ಎಳೆದಳು. ಒಳಗೆ ಸೀಬೆಹಣ್ಣು ಉರುಳಾಡಿ ಬ್ರೆಡ್ಡನ್ನು ಅಪ್ಪಚ್ಚಿ ಮಾಡಿತ್ತು. ಮೊಟ್ಟೆ ಒಡೆದರೆ ಚಿಪ್ಪೆಲ್ಲ ಗಾಳಿಗೆ ಹಾರಿ ಅವಳ ಸೆರಗಿಗೇ ಅಂಟಿತು. ಬೆವರಿದ ಕೈಗೆ ಜೇನಿನ ಮುಚ್ಚಳ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಅಷ್ಟು ಓರಣವಾಗಿದ್ದ ಡಬ್ಬಿ ಇದೇನಾ ಎಂದು ಅವಳು ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ನಾಚಿಕೆಯಾಯಿತು, ನಗುವೂ ಬಂತು. ಎರಡು ತುತ್ತು ತಿಂದು ಉಳಿದದ್ದನ್ನು ಮುಚ್ಚಿಟ್ಟಳು.

ಕೆರೆಯ ಬದಿಗೆ ಇಳಿದಾಗ ಬೆಂಚು ಕಂಡಿತು, ಚೀಲವೂ ಕಂಡಿತು. ಅವಳು ಮರದ ಹಿಂದೆ ಕೂತಳು. ಇಳಿದು ಬಂದವರು ಡಬ್ಬಿ ಹಾಕಿದರು, ಹೋದರು. ಒಬ್ಬರೂ ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಎದುರಿನ ಪಂಪ್ ಹೌಸಿನ ಬಾಗಿಲು ಕಿರುಗುಟ್ಟಿತು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬಳು ಬಂದು ಚೀಲ ಹೊತ್ತು ಒಳಗೆ ಹೋದಳು. ಡಬ್ಬಿ ಅಕ್ಕ ಹಿಂದೆಯೇ ಹೋಗಿ ಹೊಸ್ತಿಲಲ್ಲಿ ನಿಂತಳು.

"ಆ ಡಬ್ಬಿಗಳು ನನ್ನವು."

ನಲ್ಲಿಯ ಮುಂದೆ ಕೂತಿದ್ದ ಹೆಂಗಸು ಬೆಚ್ಚಿದಳು. "ಅಯ್ಯೋ, ನಾನು ಏನೂ ಇಟ್ಕೊಂಡಿಲ್ಲಮ್ಮಾ!"

"ಅದಕ್ಕೆ ಬಂದಿಲ್ಲ. ಯಾಕೆ ತೊಳೀತೀರಾ ಅಂತ ಕೇಳೋಕೆ ಬಂದೆ."

"ಅಷ್ಟಕ್ಕೇ ಬೆಟ್ಟ ಹತ್ತಿ ಬಂದ್ರಾ?"

"ಅಷ್ಟಕ್ಕೇ."

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕುಬಿಟ್ಟಳು. ಮೋಟಾರಿನ ಗುಂಯ್‌ ಸದ್ದಿಗೆ ಇಬ್ಬರೂ ಕೂಗಿ ಮಾತಾಡಬೇಕಿತ್ತು. "ಎಂಜಲು ಡಬ್ಬಿಗೆ ಇರುವೆ ಬರ್ತಿತ್ತು. ಬೆಂಚಿಂದ ಸೀದಾ ನನ್ನ ಸ್ವಿಚ್ ಬೋರ್ಡಿಗೆ! ಒಂದಿನ ಮೋಟಾರೇ ನಿಂತೋಯ್ತು. ಆವತ್ತಿಂದ ತೊಳೆಯೋಕೆ ಶುರು ಮಾಡಿದೆ. ನೀರಿಗೇನು ಬರ ಇಲ್ಲಿ? ಹಿಂದೆ ನಿಂಬೆ ಗಿಡನೂ ಇದೆ." ಆಮೇಲೆ ಹತ್ತಿರ ಸರಿದು, "ಈಗ ಚಟ ಆಗಿದೆ ಅಕ್ಕಾ. ದಿನವಿಡೀ ಒಬ್ಬಳೇ ಇರ್ತೀನಲ್ಲ. ಡಬ್ಬಿ ತೆರೆದ್ರೆ ಎಂಥೆಂಥ ಜನ ಅಂತ ಗೊತ್ತಾಗುತ್ತೆ. ಬ್ರೆಡ್ಡಿನ ಅಂಚು ಬಿಡೋರು, ಬರೀ ಕಡಲೆಬೀಜ ತಿನ್ನೋರು. ಒಂದ್ಸಲ ಎರಡು ಡಬ್ಬಿ ಒಂದೇ ಬಟ್ಟೇಲಿ ಬಂತು, ಒಂದು ಪೂರ್ತಿ ಖಾಲಿ, ಇನ್ನೊಂದು ಮುಟ್ಟೇ ಇಲ್ಲ. ಗಂಡ ಹೆಂಡ್ತಿ ಜಗಳ ಇರ್ಬೇಕು ಅಂದ್ಕೊಂಡೆ," ಎಂದಳು.

"ಕಟ್ಟೋರು ಯಾರು ಅಂದ್ಕೊಂಡಿದ್ರಿ?"

"ಗಂಡಸು. ಮಿಲಿಟರಿಯಿಂದ ಬಂದ ಗಂಡಸು. ಆ ಗಂಟು ನೋಡಿ!"

ಡಬ್ಬಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅವಳ ಕಣ್ಣು ಕಿಟಕಿಯ ಕಟ್ಟೆಗೆ ಬಿತ್ತು. ಅಲ್ಲಿ ತುಂಬಿದ ಜೇನಿನ ಸೀಸೆಗಳು ಸಾಲಾಗಿ ನಿಂತಿದ್ದವು.

"ಏನೂ ಇಟ್ಕೊಂಡಿಲ್ಲ ಅಂದ್ರಲ್ಲ?"

"ಅದಾ..." ಹೆಂಗಸಿನ ಮುಖ ಕೆಂಪಾಯಿತು. "ಮುಚ್ಚಳ ತೆಗೆಯೋಕಾಗದೆ ಹಾಗೇ ಹಾಕಿ ಹೋಗ್ತಾರೆ. ವಾಪಸ್ ಕಳಿಸಿದ್ರೆ ನೀವು ಬೇಜಾರು ಮಾಡ್ಕೋತೀರೇನೋ ಅಂತ. ಕೆಲವು ನಾನೇ ಖಾಲಿ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ."

ಡಬ್ಬಿಯಲ್ಲಿ ಜೇನೇ ತನ್ನ ಹೆಮ್ಮೆ ಎಂದುಕೊಂಡಿದ್ದವಳಿಗೆ ಚುರುಕ್ಕೆಂದಿತು. ಆದರೆ ಬಂಡೆಯ ಮೇಲೆ ಆ ಮುಚ್ಚಳದ ಜೊತೆ ತಾನು ಮಾಡಿದ ಕುಸ್ತಿ ನೆನಪಾಯಿತು. ತನ್ನ ಡಬ್ಬಿ ತೆರೆದು ನಡುವೆ ಇಟ್ಟಳು. ಹೆಂಗಸು ನಿಂಬೆ ಪಾನಕ ಮಾಡಿದಳು. ಸೀಸೆಯ ತಲೆಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದರೆ ಸಲೀಸಾಗಿ ತೆರೆದುಕೊಳ್ಳುತ್ತದೆಂದು ತೋರಿಸಿದಳು.

ಬೆಂಚಿನಲ್ಲಿ ಚೀಲ ಕಾಣದೆ ಹುಡುಕಿಕೊಂಡು ಬಂದ ಕಂಡಕ್ಟರಿಗೆ, ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತ ಹೆಂಡತಿ ಕಂಡಳು.

"ಇಷ್ಟು ದಿನ ಎದುರಿಗಿರೋ ಈ ಬಾಗಿಲು ನಿಮ್ಮ ಕಣ್ಣಿಗೆ ಬಿದ್ದೇ ಇಲ್ವಾ?" ಎಂದಳು.

"ಬಿದ್ದಿದೆ. ನೀನು ಕೇಳಿದ್ದು ಯಾರು ತೊಳೀತಾರೆ ಅಂತ, ಬಾಗಿಲು ಇದ್ಯಾ ಅಂತಲ್ಲ!"

ಅಂದಿನಿಂದ ಜೇನು ಸೀಸೆ ಬಿಟ್ಟು ಬ್ರೆಡ್ಡಿನ ನಡುವೆ ಹೋಯಿತು, ಸೀಬೆಹಣ್ಣು ಹೋಳಾಯಿತು, ಗಂಟು ಒಂದೇ ಎಳೆತಕ್ಕೆ ಬಿಚ್ಚುವ ಹಾಗಾಯಿತು. ಮೊಟ್ಟೆಯ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಸುಲಿದು ಕಳಿಸಿ ಎಂದು ಪಂಪ್ ಹೌಸಿನವಳು, ಸುಲಿದರೆ ಒಣಗುತ್ತದೆ ಎಂದು ಇವಳು. ಇಬ್ಬರ ಮಾತನ್ನೂ ಹೊತ್ತು ಕಂಡಕ್ಟರ್ ಬೆಟ್ಟ ಸುತ್ತಿದ. ಕಡೆಗೆ ಪಂಪ್ ಹೌಸಿನವಳ ರಜೆಯ ದಿನ ಇಬ್ಬರೂ ಎರಡು ಕಡೆಯಿಂದ ಹತ್ತಿ ಬಂಡೆಯ ಮೇಲೆ ಕೂತು, ಸುಲಿದದ್ದೊಂದು, ಸುಲಿಯದ್ದೊಂದು ಮುಂದಿಟ್ಟುಕೊಂಡು ತಿಂದು ನೋಡಿದರು. ಸುಲಿದದ್ದಕ್ಕೆ ಬ್ರೆಡ್ಡಿನ ಪುಡಿ ಮೆತ್ತಿತ್ತು, ಸುಲಿಯದ್ದರ ಚಿಪ್ಪು ಹಾರಿ ಹೋಯಿತು.

"ಏನಂತೀರಾ?" ಎಂದಳು ಡಬ್ಬಿ ಅಕ್ಕ.

"ಗೊತ್ತಾಗ್ಲಿಲ್ಲ. ಇನ್ನೊಂದು ಕೊಡಿ."