ಮುಕದ್ದಮ ತಟ್ಟುವ ಕೊನೆಯ ಬಾಗಿಲು

ಫೆಸ್ ನಗರದ ಹಳೇ ಓಣಿಗಳ ಉಸ್ತುವಾರಿ ನೋಡುವ ಮುಕದ್ದಮ ಸೀದಿ ಬೂಶ್ತಾ ಎಂದರೆ ಸರ್ಕಾರದ ಕಣ್ಣು, ಸರ್ಕಾರದ ಕಿವಿ. ಪುದೀನ ಚಹಾ ಕುಡಿಯುವ ಬಾಯಿ ಮಾತ್ರ ಸ್ವಂತದ್ದು. ಮಹಾಮಾರಿಯ ಕಾಲದಲ್ಲಿ ಹೊಸ್ತಿಲು ದಾಟಲು ಅವನ ಅಪ್ಪಣೆ ಚೀಟಿಯೇ ಬೇಕಿತ್ತು. ಮುಖಗವಸು ಹಾಕಿದವರನ್ನು ಅವನು ಕೆಮ್ಮಿನಿಂದಲೇ ಗುರುತಿಸುತ್ತಿದ್ದ. ಈಗ ರಾಜಧಾನಿಯವರು ಮುಂದಿನ ಪಿಡುಗಿಗೆಂದು ಪಾಠ ಕಲಿಯುತ್ತಿದ್ದಾರೆ, ಹೊಸ ಮುಕದ್ದಮರಿಗೆ ಇವನೇ ಮೇಷ್ಟ್ರು. "ಲಸಿಕೆ, ಆಮ್ಲಜನಕ ಎಲ್ಲಾ ಸರ್ಕಾರ ಕಳಿಸುತ್ತೆ ಕಣ್ರಯ್ಯಾ. ನೀವು 'ಒಳಗಿರಿ' ಅಂತ ಕೂಗಿ ಬಂದ್ಬಿಡಬೇಡಿ, ಒಳಗೆ ಯಾರಿದ್ದಾರೆ ಅಂತ ಕೇಳಿ." "ಆಗ ನೀವು ಕೇಳಿದ್ರಾ, ಸೀದಿ?" ಎಂದು ಯಾರಾದರೂ ಕೆಣಕಿದರೆ ಚಹಾಕ್ಕೆ ಇನ್ನೊಂದು ಸಕ್ಕರೆ ತುಂಡು ಹಾಕಿಕೊಳ್ಳುತ್ತಾನೆ. ಪಾಠ ಮುಗಿಸಿ ಓಣಿಯ ತುದಿಯ ಖಾಲಿ ಮನೆಗೆ ಹೋಗುತ್ತಾನೆ. ಅಲ್ಲಿದ್ದ ಒಂಟಿ ಮುದುಕಿ ಲಲ್ಲಾ ತಾಮೂ ಔಷಧಿ ತರಲು ಚೀಟಿ ಕೇಳಿದಾಗ "ನಾಳೆ ನೋಡೋಣಮ್ಮಾ" ಎಂದು ಹೇಳಿ ಮರೆತಿದ್ದ. ಹೋಗಲು ಚೀಟಿ ಕೇಳಿದವಳು ಚೀಟಿಯಿಲ್ಲದೆಯೇ ಹೋಗಿಬಿಟ್ಟಳು. ಈಗ ದಿನವೂ ಬಾಗಿಲು ತಟ್ಟಿ, "ಅಪ್ಪಣೆ ಆಗಿದೆ ಲಲ್ಲಾ, ಇನ್ನು ಬನ್ನಿ" ಎಂದು ಕೂಗಿ, ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಾನೆ. ಮೊದಮೊದಲು ನಗುತ್ತಿದ್ದ ನೆರೆಯವರು ಈಗ ನಗುವುದಿಲ್ಲ. ಅವರೂ ಗೋಡೆಗೆ ಒತ್ತಿ ನಿಂತು ತುಸು ಹೊತ್ತು ಕಾಯುತ್ತಾರೆ. ಓಣಿ ಕಿರಿದು, ಮುದುಕಿಯ ನಡಿಗೆ ನಿಧಾನ.