ತಂತಿ ಇಲ್ಲದ ಟೈರು

ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ನಮ್ಮ ಮಾವನ ಮೇಲೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆಯೂ ಹಾಗೇ ಆಯಿತು. ಕಾರಿನ ಟೈರುಗಳು ಸವೆದು ಬೋಳಾಗಿದ್ದವು. ಚಳ್ಳಕೆರೆಯ ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಕಾಲಿಟ್ಟೆ. ಅಂಗಡಿಯ ಭಾಯಿ ಸಾಲಾಗಿ ಒರಗಿಸಿಟ್ಟ ಟೈರುಗಳಲ್ಲಿ ಒಂದನ್ನು ಉರುಳಿಸಿಕೊಂಡು ಬಂದು, 'ಮೇಡಂ, ಇದು ಆಲ್ ಸೀಸನ್. ನಿಮ್ಮಂಥ ಸಣ್ಣ ಎಸ್‌ಯುವಿಗೆ ಹೇಳಿ ಮಾಡಿಸಿದ್ದು. ಹನ್ನೆರಡು ತಿಂಗಳೂ ಫಿಕರ್ ಇಲ್ಲ' ಎಂದ. ಅದಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಬಿಸಿಲು, ಮಳೆ, ಹಿಮದ ಚಿತ್ರಗಳಿದ್ದವು. ಹಿಮವಂತೆ! ಈ ಸೀಮೆಗೆ! ನಮ್ಮಲ್ಲಿರುವುದು ಬಿಸಿಲು, ಅದು ಬಿಟ್ಟರೆ ಇನ್ನೂ ಜೋರು ಬಿಸಿಲು, ಮಳೆ ಬಿದ್ದಾಗ ಚಕ್ರ ಹಿಡಿದು ಬಿಡದ ಕರಿಮಣ್ಣು. ಇವೆಲ್ಲದರ ಜೊತೆಗೆ ವರ್ಷವಿಡೀ ಬಳ್ಳಾರಿ ಜಾಲಿಯ ಮುಳ್ಳು. ಅದಕ್ಕೆ ಯಾರೂ ಚಿತ್ರ ಬರೆದಿರಲಿಲ್ಲ.

ಟೈರನ್ನು ಮುಟ್ಟಿ ನೋಡುವ ನೆಪದಲ್ಲಿ ಬಗ್ಗಿದೆ. ಅದೇ ವಾಸನೆ... ಮಾವ ಹೀಗೇ ಬಗ್ಗಿ, ಇದೇ ಅಂಗಡಿಯಲ್ಲಿ, ಒಂದೊಂದು ಟೈರನ್ನೂ ಮೂಸಿ ನೋಡಿದ್ದರು.

ನಮ್ಮ ಮಾವ ಅಂದರೆ ನನ್ನ ಗಂಡನ ತಂದೆ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆಯವರು. ಆ ಬಂಡೆಗುಡ್ಡಗಳ ನಡುವೆ ಕುರಿ ಕಾಯುತ್ತಲೇ ಮುದುಕರಾದವರು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ತೆಲುಗಿನಲ್ಲಿ ಹುಡುಗೀ ಎನ್ನುವ ಹಾಗೆ ಅಮ್ಮಾಯಿ ಎನ್ನುತ್ತಿದ್ದರು. ನಾನು ಚಳ್ಳಕೆರೆಯಲ್ಲಿ ಶಾಲೆಯ ಟೀಚರು. ನನ್ನ ಗಂಡನಿಗೆ ಗಾಳಿಯಂತ್ರದ ಕಂಪನಿಯಲ್ಲಿ ಪಾಳಿ ಕೆಲಸ, ಮನೆಯಲ್ಲಿರುವುದೇ ಅಪರೂಪ. ಹಾಗಾಗಿ ಕಾರೂ ನನ್ನದೇ, ಮಾವನ ಉಸಾಬರಿಯೂ ನನ್ನದೇ. ನಮ್ಮ ಜೊತೆ ಬಂದು ಇರಿ ಎಂದರೆ, 'ನಾ ಬಂದ್ರೆ ಕುರಿ ನೀ ಕಾಯ್ತೀಯಾ?' ಎನ್ನುವರು. ಮೈದುನನ ಮನೆಯಲ್ಲಿ ಮೂರು ಹೊತ್ತು ಉಂಡು, ಗುಡ್ಡ ಹತ್ತಿ, ರಾಜನ ಹಾಗಿದ್ದರು.

ಅವರು ಹಾಕುತ್ತಿದ್ದುದು ಟೈರಿನ ಮೆಟ್ಟು. ಹಳೆಯ ಟೈರು ಸಿಕ್ಕಿತೆಂದರೆ ಮಾವನಿಗೆ ಹಬ್ಬ. ಉಳಿ, ಸುತ್ತಿಗೆ ಹಿಡಿದು ಅಂಗಳದಲ್ಲಿ ಕೂತು, ಪಾದದ ಅಳತೆಗೆ ಕೊಯ್ದು, ಮೇಲೆ ಪಟ್ಟಿ ಬಡಿದು ಒಂದು ಜೊತೆ ಮಾಡಿಕೊಳ್ಳುವರು. ಎಂಥಾ ಮುಳ್ಳೂ ಅದನ್ನು ದಾಟುತ್ತಿರಲಿಲ್ಲ. ನನ್ನ ಕಾಲಿನ ಚಪ್ಪಲಿ ನೋಡಿ, 'ಇದೇನು ದೋಸೆ ಕಟ್ಕೊಂಡು ಓಡಾಡ್ತೀಯಾ?' ಎಂದು ನಗುವರು. ನನಗೂ ನಗು ಬರುತ್ತಿತ್ತು, ಆಗ.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಪಾದಕ್ಕೆ ಸ್ಪರ್ಶವೇ ಇಲ್ಲದಂತಾಯಿತು. ಇಂಥಾ ಹೊತ್ತಿನಲ್ಲಿ ನನ್ನ ಕಾರಿನ ಹಳೇ ಸ್ಟೆಪ್ನಿ ಟೈರು ಅವರ ಕಣ್ಣಿಗೆ ಬಿತ್ತು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೆಟ್ಟು ಮಾಡಿ ಹಾಕಿಕೊಂಡೇಬಿಟ್ಟರು. ಈಗಿನ ಕಾರಿನ ಟೈರಿನೊಳಗೆ ಸಣ್ಣ ಸಣ್ಣ ಉಕ್ಕಿನ ತಂತಿಗಳಿರುತ್ತವಲ್ಲ, ಅದರದೊಂದು ತುದಿ ಮೇಲೆದ್ದು ಅಂಗಾಲಿಗೆ ಚುಚ್ಚಿದೆ. ಚುಚ್ಚುತ್ತಲೇ ಇದೆ. ಪುಣ್ಯಾತ್ಮರಿಗೆ ಗೊತ್ತೇ ಆಗಿಲ್ಲ. ಕೀವಾಗಿ ವಾಸನೆ ಬಂದ ಮೇಲೆ ಮೈದುನ ನನಗೆ ಫೋನ್ ಮಾಡಿದ.

ಚಳ್ಳಕೆರೆಯ ಡಾಕ್ಟರಮ್ಮ ನೋಡಿದ ಕೂಡಲೇ ನನ್ನನ್ನು ಪಕ್ಕಕ್ಕೆ ಕರೆದರು. 'ವಾರಕ್ಕೆ ಎರಡು ಸಲ ಕರ್ಕೊಂಡು ಬಂದು ಗಾಯ ಕ್ಲೀನ್ ಮಾಡಿಸ್ಬೇಕು. ತಪ್ಪಿಸಿದ್ರೆ ಪಾದ ಉಳಿಯಲ್ಲ, ನೋಡಿ' ಎಂದರು. ಕಾಲು ಇಳಿಬಿಟ್ಟುಕೊಂಡು ಬಸ್ಸಿನಲ್ಲಿ ಬರುವ ಹಾಗಿರಲಿಲ್ಲ. ಸರಿ, ನಾನೇ ಕಾರಿನಲ್ಲಿ ಹೋಗುವುದು, ಹಿಂದಿನ ಸೀಟಿನಲ್ಲಿ ಕಾಲು ನೀಡಿಸಿ ಕೂರಿಸಿಕೊಂಡು ಬರುವುದು ಶುರುವಾಯಿತು. ಡಾಕ್ಟರಮ್ಮ ಬರೆದುಕೊಟ್ಟ ಮೆತ್ತನೆಯ ಚಪ್ಪಲಿ ತಂದುಕೊಟ್ಟರೆ ಬೆರಳಲ್ಲಿ ಒತ್ತಿ ನೋಡಿ, 'ಬನ್ನು' ಎಂದು ಮೂಲೆಗೆಸೆದರು.

ಅಷ್ಟರಲ್ಲಿ ಮಳೆ ಬಂತು. ಅವರ ಊರಿನ ಮಣ್ಣುರಸ್ತೆಯಲ್ಲಿ ನನ್ನ ಸವೆದ ಟೈರು ಜಾರಿ, ಕಾರು ಚರಂಡಿಗಿಳಿದು ಕೂತಿತು. ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯಿತು. ಆ ದಿನದ ಡ್ರೆಸ್ಸಿಂಗ್ ತಪ್ಪಿತು. ಇನ್ನು ಹೀಗಾಗಕೂಡದು, ಬಿಸಿಲು, ಕೆಸರು, ಮುಳ್ಳು ಮೂರನ್ನೂ ತಡೆಯುವ ಟೈರು ಹಾಕಿಸಲೇಬೇಕು ಎಂದು ಮುಂದಿನ ಸಲ ಆಸ್ಪತ್ರೆ ಮುಗಿಸಿ ಸೀದಾ ಟೈರ್ ಅಂಗಡಿಗೆ ಹೋದೆ. ಮಾವನಿಗೆ ಕಾರಿನಲ್ಲೇ ಇರಿ ಎಂದು ಹೇಳಿದ್ದೆ. ನನ್ನ ಮಾತು ಯಾವಾಗ ಕೇಳಿದ್ದರು? ಕುಂಟುತ್ತ ಬಂದೇಬಿಟ್ಟರು.

ಬಂದವರು ಟೈರು ಮೂಸಿದರು, ಉಗುರಿನಿಂದ ಗೀರಿದರು. ಆಮೇಲೆ ಭಾಯಿಯನ್ನು ಕೇಳಿದರು.

'ಇದ್ರಾಗೆ ತಂತಿ ಐತಾ?'

'ಐತೆ ತಾತ. ಅದಿದ್ರೇನೇ ಗಟ್ಟಿ.'

'ಬ್ಯಾಡ. ಇನ್ನೊಂದು ತೋರ್ಸು.'

ಇನ್ನೊಂದರಲ್ಲೂ ತಂತಿ. ಮತ್ತೊಂದರಲ್ಲೂ ತಂತಿ. ಪಾಪ ಆ ಭಾಯಿ ಅಂಗಡಿಯೆಲ್ಲ ಉರುಳಿಸಿದ. ಹೆದ್ದಾರಿಗೆ ಇದು, ಕೆಸರಿಗೆ ಇದು, ಎರಡಕ್ಕೂ ಇದು ಎಂದು ಅವನು ನನಗೆ ವಿವರಿಸುವುದು, ನಾನು ತಲೆಯಾಡಿಸುವುದು, ಮಾವ ನಡುವೆ ಬಾಯಿ ಹಾಕಿ 'ಬ್ಯಾಡ' ಎನ್ನುವುದು. ಕೊನೆಗೆ ಭಾಯಿ ಕೈಮುಗಿದು, 'ಯಾ ಅಲ್ಲಾ! ತಂತಿ ಇಲ್ದಿರೋದು ಎತ್ತಿನ ಗಾಡಿಗೆ ಹಾಕ್ತಾರೆ ತಾತ, ಕಾರಿಗೆ ಬರಲ್ಲ' ಎಂದ.

'ಅದನ್ನೇ ಹಾಕು. ಎತ್ತು ಎಳೆಯಲ್ವಾ? ಕಾರು ಎಳೆಯಲ್ವಾ?'

ನನ್ನ ತಾಳ್ಮೆ ಕೆಟ್ಟಿತು. 'ಮಾವ, ಟೈರು ಕಾರಿಗೆ ಹಾಕೋದು, ನಿಮ್ಮ ಕಾಲಿಗಲ್ಲ!' ಎಂದೆ, ಅಂಗಡಿಯವರೆಲ್ಲ ತಿರುಗಿ ನೋಡುವಂತೆ.

ಅವರು ಸಮಾಧಾನದಿಂದಲೇ ಹೇಳಿದರು. 'ನಿನ್ನ ಕಾರಿಗೆ ಎಷ್ಟು ವರ್ಷ ಬಂದಾವು ಅಮ್ಮಾಯಿ? ನಾಕು ವರ್ಷ. ಆಮ್ಯಾಕೆ ನನ್ನ ಕಾಲಿಗೇ ತಾನೆ?'

ನೋಡಿ, ಇದು ಅವರ ಲೆಕ್ಕ! ಮೆಟ್ಟಿನ ತಂತಿ ಚುಚ್ಚಿ ಪಾದ ಕೊಳೆಯುತ್ತಿದೆ. ಇನ್ನು ಟೈರಿನ ಮೆಟ್ಟು ಹಾಕಬಾರದು ಎಂದು ಯಾರಿಗಾದರೂ ಹೊಳೆಯಬೇಕು. ಇವರಿಗೆ ಹೊಳೆದದ್ದು, ಸೊಸೆ ತಂತಿ ಇಲ್ಲದ ಟೈರು ಹಾಕಿಸಬೇಕು ಎಂದು. ತಲೆ ಚಚ್ಚಿಕೊಳ್ಳಬೇಕೋ, ನಗಬೇಕೋ ತಿಳಿಯಲಿಲ್ಲ. ಕೆಸರಿಗೂ ರಸ್ತೆಗೂ ಆಗುವ, ಪಕ್ಕೆ ದಪ್ಪಗಿರುವ ಟೈರುಗಳನ್ನು ನಾನೇ ಆರಿಸಿ ಹಾಕಿಸಿದೆ. ಊರು ಮುಟ್ಟುವವರೆಗೆ ಮಾವ ಮುಖ ಊದಿಸಿಕೊಂಡೇ ಕೂತಿದ್ದರು. ಕಾರು ಮಾತ್ರ ಆ ಕೆಸರಿನಲ್ಲಿ ಎಲ್ಲೂ ಜಾರದೆ ಹೋಯಿತು.

ಮುಂದಿನ ಸಲ ಕರೆಯಲು ಹೋದರೆ ಮನುಷ್ಯ ಕಾರು ಹತ್ತಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತು, 'ಆ ಟೈರಿನ ಕಾರು ನಾ ಹತ್ತಲ್ಲ' ಎಂದರು. ಮಕ್ಕಳ ಹಾಗೆ! ಮೈದುನ ಹೇಳಿದ, ಕೇಳಲಿಲ್ಲ. ಗಂಡನಿಂದ ಫೋನ್ ಮಾಡಿಸಿದೆ, ಕೇಳಲಿಲ್ಲ. 'ಡಾಕ್ಟರಮ್ಮ ಏನಂದ್ರು ನೆನಪೈತಾ ಮಾವ? ಪಾದ ಹೋಗ್ತೈತೆ!' ಎಂದು ನಾನು ಬೀದಿಗೆ ಕೇಳಿಸುವಂತೆ ಕೂಗಿದೆ. 'ನನ್ನ ಪಾದ, ಎಲ್ಲಿ ಹೋಗ್ತೈತೆ? ಇಲ್ಲೇ ಐತೆ' ಎಂದು ತೋರಿಸಿದರು. ಅಷ್ಟು ದೂರ ಹೋದವಳು ಬರಿಗೈಯಲ್ಲಿ ವಾಪಸ್ಸು ಬಂದೆ. ಆಮೇಲೂ ಹೋದೆ, ಆಮೇಲೂ ಹಾಗೇ. ಯಾವುದೋ ಸೊಪ್ಪು ಅರೆದು ಕಟ್ಟಿಕೊಂಡು ಕುರಿಯ ಹಿಂದೆ ಹೋಗಿರುತ್ತಿದ್ದರು. ಜ್ವರ ಏರಿ ಎಚ್ಚರ ತಪ್ಪಿದ ಮೇಲೆ ಮೈದುನ ಎತ್ತಿ ತಂದು ಕಾರಿನಲ್ಲಿ ಮಲಗಿಸಿದ. ಬೇಡ ಎನ್ನಲು ಆಗ ಅವರಿಗೆ ಬಾಯಿರಲಿಲ್ಲ.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎಚ್ಚರವಾದ ಮೇಲೆ ಹೊದಿಕೆ ಸರಿಸಿ ನೋಡಿಕೊಂಡರು... ಬಹಳ ಹೊತ್ತು ನೋಡಿಕೊಂಡರು. ನಾನು ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಆಮೇಲೆ ನಮ್ಮ ಮನೆಯಲ್ಲೇ ಇದ್ದರು. ಊಟ ಕೊಟ್ಟರೆ ಉಣ್ಣುವರು, ಕೊಡದಿದ್ದರೆ ಕೇಳುವವರಲ್ಲ. ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ. ನನಗೆ ಅದೇ ತಡೆಯಲಾಗುತ್ತಿರಲಿಲ್ಲ. ಗುಡ್ಡ ಹತ್ತುವ ಮನುಷ್ಯ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹೋಗಿಬಿಟ್ಟರು.

'ಮೇಡಂ, ಇದೇ ಹಾಕ್ಲಾ?' ಎಂದು ಭಾಯಿ ಆ ಆಲ್ ಸೀಸನ್ ಟೈರು ತಟ್ಟುತ್ತ ಕೇಳಿದ. ಹ್ಞೂಂ ಎಂದೆ. ಈ ಸಲ ಟೈರು ಆರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಜಗಳವಾಡುವವರು ಯಾರೂ ಇರಲಿಲ್ಲ. ಬಿಚ್ಚಿದ ಹಳೇ ಟೈರುಗಳನ್ನು ಹುಡುಗರು ಹೊರಗೆ ಪೇರಿಸಿದರು. ದೊಡ್ಡಉಳ್ಳಾರ್ತಿ ಕಡೆಯವರೊಬ್ಬರು, ವಯಸ್ಸಾದವರು, ಗೂಡ್ಸ್ ಆಟೋಗೆ ಪಂಕ್ಚರ್ ಹಾಕಿಸಿಕೊಂಡು ನಿಂತಿದ್ದರು. ಟೈರುಗಳನ್ನು ಕಾಲಿನಿಂದ ಒತ್ತಿ ನೋಡಿ ನನ್ನ ಹತ್ತಿರ ಬಂದರು.

'ಅವ್ವಾ, ಈ ಹಳೇವು ನಂಗೆ ಕೊಡ್ತೀಯಾ?'

ಅದೆಲ್ಲಿಂದ ಬಂತೋ ನನಗೆ ಆ ಸಿಟ್ಟು. 'ಕೊಡಲ್ಲ!' ಎಂದು ಕಿರುಚಿದೆ. 'ಇದ್ರೊಳಗೆ ತಂತಿ ಐತೆ, ಗೊತ್ತೇನ್ರಿ? ಮೆಟ್ಟು ಮಾಡ್ಕೊಂಡು ಕಾಲು ಕಳ್ಕೋಬೇಕಾ? ಎಷ್ಟು ಬಡ್ಕೊಂಡ್ರೂ ಒಬ್ರಾದ್ರೂ ಕೇಳ್ತೀರಾ? ಹಟ! ಬರೀ ಹಟ! ಹೇಳೋರಿಗೇನು ಮಾಡೋಕೆ ಕೆಲ್ಸ ಇಲ್ವಾ?'

ಆ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು.

'ಮೆಟ್ಟಿಗಲ್ಲವ್ವಾ...' ಎಂದರು ಅವರು ಮೆಲ್ಲಗೆ. 'ಬಣವೆ ಮ್ಯಾಲೆ ಹೇರಾಕೆ. ಹೊದ್ಸಿದ ತಾಡಪಾಲು ಗಾಳಿಗೆ ಹಾರೋಗ್ತೈತೆ.'

ತಗೊಂಡು ಹೋಗಿ ಎಂದೆ. ಅವರು ಟೈರುಗಳನ್ನು ಆಟೋಗೆ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೋದರು. ಕಾರಿನೊಳಗೆ ಕೂತು ಗಾಜು ಏರಿಸಿಕೊಂಡೆ, ಜೋರಾಗಿ ಅತ್ತುಬಿಟ್ಟೆ. ಅವತ್ತು ಆಸ್ಪತ್ರೆಯಲ್ಲಿ ಬಾಯಿಗೆ ಬಾರದೆ ಉಳಿದ ಬೈಗುಳವನ್ನೆಲ್ಲ ಯಾವ ಪಾಪವೂ ಅರಿಯದ ಒಬ್ಬರು ಬೈಸಿಕೊಂಡು ಹೋದರು. ಅಲ್ಲ ಮಾವ, ಸುಮ್ಮನೆ ಬಂದು ಕಾರು ಹತ್ತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?